ಬೇಸ್‌ಬಾಲ್ ನೋಡೋ ಆಟವೋ, ಕೇಳೋ ಆಟವೋ?

ಬಾಲ್‌ಪಾರ್ಕ್ ಬಸವ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಈಗ ಎಂಟು ತಿಂಗಳಿಂದ ಲಾಸ್ ಏಂಜಲೀಸ್ ಪಕ್ಕದ ಒಂದು ಊರಿನಲ್ಲಿದ್ದೇನೆ. ಅಲ್ಲಿದ್ದಾಗ ದಿನಕ್ಕೆ ನಾಲ್ಕು ಸಲ ಮೀಟಿಂಗ್‌ನಲ್ಲಿ "ಒಂದು ಬಾಲ್‌ಪಾರ್ಕ್ ಎಸ್ಟಿಮೇಟ್ ಕೊಡಿ" ಅನ್ನುತ್ತಿದ್ದೆ. "ನಾಳೆ ಟಚ್ ಬೇಸ್ ಮಾಡೋಣ" ಅಂತಲೂ ಅನ್ನುತ್ತಿದ್ದೆ. ಬಾಲ್‌ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಮಕ್ಕಳು ಆಡುವ ಯಾವುದೋ ಪಾರ್ಕು ಅಂದುಕೊಂಡಿದ್ದೆ. ನಗಬೇಡಿ.

ವಿಷಯ ಅದಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಎಪ್ಪತ್ತು ದಾಟಿದವರು. ಸಂಜೆ ಗ್ಯಾರೇಜ್ ಬಾಗಿಲು ತೆಗೆದು, ಹಳೇ ರೇಡಿಯೊದಲ್ಲಿ ಇಲ್ಲಿನ ಬೇಸ್‌ಬಾಲ್ ತಂಡ ಡಾಜರ್ಸ್‌ನ ಆಟ ಹಾಕಿಕೊಂಡು ಏನಾದರೂ ರಿಪೇರಿ ಮಾಡುತ್ತಾ ಕೂರುತ್ತಾರೆ. ಒಳಗೆ ಗೋಡೆ ಅಗಲದ ಟಿವಿ ಇದೆ, ಆದರೂ ರೇಡಿಯೊ. ಒಂದು ದಿನ ಮಾತಿಗೆ "ಆಟ ಹೇಗಿದೆ?" ಅಂದೆ. "ಚೆನ್ನಾಗೇ ಇದೆ, ಆದರೆ ವಿನ್ ಹೋದ ಮೇಲೆ ಮೊದಲಿನ ಹಾಗಿಲ್ಲ" ಅಂದರು. ಮನೆಯವರೇ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು, ತುಂಬಾ ಬೇಜಾರಾಯಿತು ಅಂತ ಹೇಳಿದೆ. ಅವರೂ ತಲೆಯಾಡಿಸಿ ಥ್ಯಾಂಕ್ಸ್ ಅಂದರು. ಎರಡು ದಿನ ಆದ ಮೇಲೆ ಗೊತ್ತಾಯಿತು, ವಿನ್ ಅಂದರೆ ರೇಡಿಯೊ ಕಾಮೆಂಟೇಟರ್!

ನಮ್ಮಲ್ಲೂ ಒಳ್ಳೆಯ ಕಾಮೆಂಟೇಟರ್‌ಗಳಿದ್ದಾರೆ. ಆದರೆ ಯಾರಾದರೂ ಸಾಂತ್ವನ ಹೇಳಿದರೆ ಒಪ್ಪಿಕೊಳ್ಳುವಷ್ಟು? ಗೊತ್ತಿದ್ದವರು ಸ್ವಲ್ಪ ಹೇಳಿ.

ಸ್ಯಾನ್ ಹೋಸೆ ಸೀತಕ್ಕ

ಬಸವ ಅವರೇ, ನೀವು ತಪ್ಪೇನೂ ಮಾಡಿಲ್ಲ. ಆ ಅಜ್ಜನಿಗೆ ಅದು ಮನೆಯ ಸಾವೇ.

ವಿನ್ ಸ್ಕಲ್ಲಿ. 1950ರಲ್ಲಿ ಡಾಜರ್ಸ್ ತಂಡಕ್ಕೆ ಕಾಮೆಂಟರಿ ಹೇಳಲು ಶುರುಮಾಡಿದರು. ಆಗ ತಂಡ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿತ್ತು. 1958ರಲ್ಲಿ ತಂಡ ಲಾಸ್ ಏಂಜಲೀಸಿಗೆ ಬಂತು, ಇವರೂ ಜೊತೆಗೆ ಬಂದರು. ನಿಲ್ಲಿಸಿದ್ದು 2016ರಲ್ಲಿ. ಒಟ್ಟು 67 ಸೀಸನ್, ಒಂದೇ ತಂಡ. 2022ರ ಆಗಸ್ಟ್‌ನಲ್ಲಿ ಹೋದರು, 94 ವಯಸ್ಸಾಗಿತ್ತು.

ಈಗ ಲೆಕ್ಕ ಹಾಕಿ. ಒಂದು ಸೀಸನ್‌ಗೆ 162 ಆಟ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಡಿಮೆ ದಿನಾ ಸಂಜೆ. ನಿಮ್ಮ ಅಡುಗೆಮನೆಯಲ್ಲಿ, ಕಾರಿನಲ್ಲಿ, ಹಾಸಿಗೆ ಪಕ್ಕದಲ್ಲಿ ಆರು ತಿಂಗಳು ದಿನಾ ಮೂರು ಗಂಟೆ ಒಬ್ಬರೇ ಮಾತಾಡುತ್ತಿದ್ದರೆ ಅವರು ಮನೆಯವರಲ್ಲದೆ ಇನ್ನೇನು? ಒಬ್ಬರೇ ಅಂದೆ, ಗಮನಿಸಿ. ಪಕ್ಕದಲ್ಲಿ ಎಕ್ಸ್‌ಪರ್ಟ್ ಕೂರಿಸಿಕೊಂಡು ಹರಟುವ ಪದ್ಧತಿ ಅವರದ್ದಲ್ಲ. ಅವರು ಮಾತಾಡುತ್ತಿದ್ದದ್ದು ಕೇಳುಗರ ಜೊತೆ.

ಇನ್ನೊಂದು ಕಾರಣ ಇದೆ, ಅದೇ ಮಜಾ. ಡಾಜರ್ಸ್ ಬಂದಾಗ ಅವರಿಗೆ ಸ್ವಂತ ಮೈದಾನ ಇರಲಿಲ್ಲ. ಮೊದಲ ನಾಲ್ಕು ವರ್ಷ ಆಡಿದ್ದು ಕೊಲಿಸಿಯಂನಲ್ಲಿ, ಅಂದರೆ ಒಲಿಂಪಿಕ್ಸ್ ನಡೆದ ಜಾಗದಲ್ಲಿ. 1959ರ ವರ್ಲ್ಡ್ ಸೀರೀಸ್‌ನ (ವರ್ಷದ ಫೈನಲ್ ಸರಣಿ) ಒಂದು ಆಟಕ್ಕೆ 92,706 ಜನ ಬಂದಿದ್ದರು. ಹಿಂದೆ ಕೂತವರಿಗೆ ಆಟಗಾರರು ಇರುವೆ ಥರ ಕಾಣುತ್ತಿದ್ದರು. ಅದಕ್ಕೆ ಜನ ಟ್ರಾನ್ಸಿಸ್ಟರ್ ತಂದು, ಮೈದಾನದಲ್ಲೇ ಕೂತು ಸ್ಕಲ್ಲಿ ಹೇಳಿದ್ದನ್ನು ಕೇಳುತ್ತಿದ್ದರು. ಎಷ್ಟು ರೇಡಿಯೊ ಅಂದರೆ, 1960ರಲ್ಲಿ ಒಂದು ಆಟದ ಮಧ್ಯೆ ಇವರು "ಇವತ್ತು ಅಂಪೈರ್ ಫ್ರ್ಯಾಂಕ್ ಸೆಕೋರಿ ಹುಟ್ಟುಹಬ್ಬ, ನಾನು ಮೂರು ಎಣಿಸುತ್ತೇನೆ, ಎಲ್ಲರೂ ಕೂಗಿ" ಅಂದರಂತೆ. ಇಡೀ ಮೈದಾನ ಒಟ್ಟಿಗೆ ಕೂಗಿತು. ಪಾಪ ಅಂಪೈರ್‌ಗೆ ಏನೂ ಅರ್ಥವಾಗಿರಲಿಕ್ಕಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

1974ರಲ್ಲಿ ಬೆಂಗಳೂರಲ್ಲಿ ಮೊದಲ ಟೆಸ್ಟ್ ಆದಾಗ ನಮ್ಮ ತಂದೆಯೂ ಮರ್ಫಿ ಟ್ರಾನ್ಸಿಸ್ಟರ್ ಹೊತ್ತುಕೊಂಡು ಸ್ಟೇಡಿಯಂಗೆ ಹೋಗಿದ್ದರು. "ಎದುರಿಗೇ ಆಡ್ತಿದ್ದಾರೆ, ರೇಡಿಯೊ ಯಾಕ್ರೀ?" ಅಂತ ಅಮ್ಮ ಕೇಳಿದ್ದಕ್ಕೆ, "ಕಣ್ಣಿಗೆ ಕಂಡದ್ದು ನಿಜವಾ ಅಂತ ಕೇಳಿ ತಿಳ್ಕೋಬೇಕಲ್ಲ" ಅಂದರಂತೆ. ಹಾಗಾಗಿ ಅಮೆರಿಕದವರದ್ದೇ ದೊಡ್ಡಸ್ತಿಕೆ ಅಂತ ನಾನು ಒಪ್ಪುವುದಿಲ್ಲ.

ಮತ್ತೆ ಸುಮ್ನೆ ಕೇಳುತ್ತೇನೆ. ಬೇಸ್‌ಬಾಲ್‌ನಲ್ಲಿ ಅರ್ಧ ಹೊತ್ತು ಏನೂ ಆಗುವುದೇ ಇಲ್ಲ ಅಲ್ವಾ? ಎಸೆದ, ಬಿಟ್ಟ, ಎಸೆದ, ಬಿಟ್ಟ.

ಸ್ಯಾನ್ ಹೋಸೆ ಸೀತಕ್ಕ

ಟೆಸ್ಟ್ ಕ್ರಿಕೆಟ್ ನೋಡುವವರು ಈ ಮಾತು ಹೇಳಬಾರದು ಸರ್. ಏನೂ ಆಗದ ಆ ಹೊತ್ತೇ ಕಾಮೆಂಟೇಟರ್‌ನ ಹೊಲ. ಎರಡು ಎಸೆತದ ನಡುವೆ ಅರ್ಧ ಕತೆ, ಮುಂದಿನ ಎರಡರ ನಡುವೆ ಇನ್ನರ್ಧ. ಫುಟ್‌ಬಾಲ್‌ನಲ್ಲಿ ಅದು ಆಗಲ್ಲ. ಕತೆ ಮುಗಿಯುವ ಮೊದಲೇ ಗೋಲ್ ಆಗಿರುತ್ತೆ.

ಟೆಲಿಗ್ರಾಂ ತಿಮ್ಮಣ್ಣ

ಏನೂ ಆಗದಿದ್ದರೂ ಹೇಳುವುದು ಅಂದಿರಲ್ಲ, ಅದಕ್ಕೆ ಒಂದು ಕತೆ.

ಬೇಸ್‌ಬಾಲ್ ಮೊದಲ ಸಲ ರೇಡಿಯೊದಲ್ಲಿ ಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್‌ನ ಕೆಡಿಕೆಎ ಸ್ಟೇಷನ್‌ನಿಂದ. ಆಮೇಲೆ 1930ರ ದಶಕದಲ್ಲಿ ಚಿಕ್ಕ ಸ್ಟೇಷನ್‌ಗಳಿಗೆ ದೂರದ ಮೈದಾನಕ್ಕೆ ಆಳು ಕಳಿಸಲು ದುಡ್ಡಿರಲಿಲ್ಲ. ಏನು ಮಾಡುತ್ತಿದ್ದರು ಗೊತ್ತಾ? ಮೈದಾನದಿಂದ ಟೆಲಿಗ್ರಾಫ್‌ನಲ್ಲಿ ನಾಲ್ಕೈದು ಅಕ್ಷರದ ಸುದ್ದಿ ಬರುವುದು. ಆಪರೇಟರ್ ಅದನ್ನು ಚೀಟಿಯಲ್ಲಿ ಬರೆದು ಕೊಡುವುದು. ಸ್ಟುಡಿಯೊದಲ್ಲಿ ಕೂತವನು, ತಾನು ಮೈದಾನದಲ್ಲೇ ಇದ್ದೇನೆ ಅನ್ನುವ ಹಾಗೆ ಕಣ್ಣಿಗೆ ಕಟ್ಟಿದಂತೆ ಹೇಳುವುದು. ಪಿಚರ್ (ಚೆಂಡು ಎಸೆಯುವವನು) ಟೋಪಿ ಸರಿ ಮಾಡಿಕೊಂಡ, ಬೆವರು ಒರೆಸಿಕೊಂಡ, ಎಲ್ಲ ಇವನ ಕಲ್ಪನೆ.

ಅಯೋವಾದ ಡೆ ಮೋಯ್ನ್‌ನಲ್ಲಿ ಡಬ್ಲ್ಯೂಎಚ್‌ಒ ಅನ್ನುವ ಸ್ಟೇಷನ್‌ನಲ್ಲಿ ಒಬ್ಬ ಯುವಕ ಹೀಗೇ ಶಿಕಾಗೊ ಕಬ್ಸ್ ಆಟ ಹೇಳುತ್ತಿದ್ದ. ಒಂದು ದಿನ ನಡುವೆಯೇ ತಂತಿ ಕಟ್. ಆಟ ನಿಂತಿದೆ ಅಂದರೆ ಜನ ಬೇರೆ ಸ್ಟೇಷನ್‌ಗೆ ತಿರುಗಿಸುತ್ತಾರೆ. ಏನು ಹೇಳಿದರೂ ಆಮೇಲೆ ಸುಳ್ಳಾಗಬಾರದು. ಅವನಿಗೆ ಹೊಳೆದದ್ದು ಒಂದೇ, ಫೌಲ್. ಎರಡು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬೇಕಾದದ್ದನ್ನು ಬಿಟ್ಟ ಎಸೆತ; ಮೂರಾದರೆ ಔಟ್) ಆದ ಮೇಲೆ ಚೆಂಡು ಗೆರೆಯಾಚೆ ಹೋದರೆ ಸಾಮಾನ್ಯವಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಟರ್ ಎಷ್ಟು ಸಲ ಬೇಕಾದರೂ ಹಾಗೆ ಹೊಡೆಯಬಹುದು. ಸರಿ, ಫೌಲ್ ಹೊಡೆಸಿದ. ಇನ್ನೊಂದು ಫೌಲ್. ಗ್ಯಾಲರಿಯಲ್ಲಿ ಹುಡುಗರು ಚೆಂಡಿಗಾಗಿ ಕಿತ್ತಾಡಿದರು. ಮತ್ತೊಂದು ಫೌಲ್. ಹೀಗೆ ಆರೇಳು ನಿಮಿಷ ಎಳೆದ. ಕೊನೆಗೆ ತಂತಿ ಬಂತು, ಚೀಟಿಯೂ ಬಂತು: ಬ್ಯಾಟರ್ ಮೊದಲ ಎಸೆತಕ್ಕೇ ಕ್ಯಾಚ್ ಕೊಟ್ಟು ಔಟ್.

ಆ ಯುವಕನ ಹೆಸರು ರೊನಾಲ್ಡ್ ರೇಗನ್. ಈ ಕತೆಯನ್ನು ಅಧ್ಯಕ್ಷರಾದ ಮೇಲೂ ಹೇಳಿಕೊಂಡು ನಗುತ್ತಿದ್ದರು.

ಕುಡ್ಲದ ಗೂಗ್ಲಿ

ಹ ಹ ಹ. ತಿಮ್ಮಣ್ಣ, ಇದು ಸೂಪರ್ ಮಾರಾಯ್ರೆ. ರಾಜಕೀಯಕ್ಕೆ ಬೇಕಾದ ಟ್ರೈನಿಂಗ್ ಅಲ್ಲಿಯೇ ಆಗಿದೆ.

ನನ್ನದೊಂದು ತಕರಾರು ಉಂಟು. ಪಿಂಚ್ ಹಿಟರ್ ಅಂತ ನಾವು ಹೇಳುತ್ತೇವಲ್ಲ, ಅದು ಪೂರ್ತಿ ತಪ್ಪು. 1992ರ ವಿಶ್ವಕಪ್‌ನಲ್ಲಿ ಗ್ರೇಟ್‌ಬ್ಯಾಚ್, 1996ರಲ್ಲಿ ಜಯಸೂರ್ಯ, ಕಲುವಿತರಣ. ಮೊದಲ ಹದಿನೈದು ಓವರ್‌ನಲ್ಲಿ ಚಚ್ಚುವವನಿಗೆ ಆ ಹೆಸರು ಬಂತು. ಬೇಸ್‌ಬಾಲ್‌ನಲ್ಲಿ ಪಿಂಚ್ ಹಿಟರ್ ಅಂದರೆ ಬೇರೆಯವನ ಬದಲಿಗೆ ಬ್ಯಾಟ್ ಮಾಡಲು ಬಂದವನು, ಅಷ್ಟೇ. ಚಚ್ಚಲೇಬೇಕು ಅಂತ ಇಲ್ಲ. ಅವನು ಬಂದ ಮೇಲೆ ಮೊದಲಿನವನು ವಾಪಸ್ ಆಡುವಂತಿಲ್ಲ. ನಾವು ಹೆಸರು ಮಾತ್ರ ಎತ್ತಿಕೊಂಡು ಬಂದೆವು, ಅರ್ಥ ಅಲ್ಲಿಯೇ ಬಿಟ್ಟೆವು.

ಎಡಗೈ ಈರಣ್ಣ

ಪಿಂಚ್ ಹಿಟರ್ ಅಂದ ತಕ್ಷಣ ಕರ್ಕ್ ಗಿಬ್ಸನ್ ನೆನಪಾಗಲೇಬೇಕು. ಅದೇ ವಿನ್ ಸ್ಕಲ್ಲಿಯ ಅತಿ ದೊಡ್ಡ ರಾತ್ರಿಯೂ ಹೌದು.

1988ರ ಅಕ್ಟೋಬರ್ 15. ವರ್ಲ್ಡ್ ಸೀರೀಸ್‌ನ ಮೊದಲ ಆಟ, ಡಾಜರ್ಸ್ ಮೈದಾನದಲ್ಲಿ. ಎದುರಾಳಿ ಓಕ್ಲೆಂಡ್, 4-3ರಿಂದ ಮುಂದೆ. ಕೊನೆಯ ಇನಿಂಗ್ಸ್, ಎರಡು ಔಟ್, ಒಬ್ಬ ಬೇಸ್ (ರನ್ ಓಡುವ ದಾರಿಯ ನಿಲ್ದಾಣ) ಮೇಲೆ. ಚೆಂಡು ಎಸೆಯುತ್ತಿದ್ದವನು ಡೆನಿಸ್ ಎಕರ್ಸ್ಲಿ, ಆಗಿನ ಕಾಲಕ್ಕೆ ಆಟ ಮುಗಿಸಲು ಅವನಂಥವನಿಲ್ಲ. ಗಿಬ್ಸನ್‌ಗೆ ಎರಡೂ ಕಾಲು ಪೆಟ್ಟು. ಆಟದ ಶುರುವಿನಲ್ಲಿ ತಂಡದ ಜೊತೆ ಸಾಲಾಗಿ ನಿಲ್ಲಲೂ ಬಂದಿರಲಿಲ್ಲ. ಅಂಥವನು ಕುಂಟುತ್ತಾ ಬಂದ. ಮೂರು ಬಾಲ್ (ಸರಿಯಾದ ಜಾಗಕ್ಕೆ ಬಾರದ, ಅವನು ಬೀಸದೆ ಬಿಟ್ಟ ಎಸೆತ), ಎರಡು ಸ್ಟ್ರೈಕ್‌ವರೆಗೆ ಎಳೆದ. ಆಮೇಲೆ ಕಾಲು ಬಳಸದೆ ಬರೀ ಕೈ ಬಲದಲ್ಲಿ ಹೊಡೆದ. ಚೆಂಡು ಸ್ಟ್ಯಾಂಡ್ ಒಳಗೆ. ಬೇಸ್ ಮೇಲಿದ್ದವನೂ ಇವನೂ ಸೇರಿ ಎರಡು ರನ್, 5-4.

ಆ ವಿಡಿಯೊ ಹುಡುಕಿ ನೋಡಿ. ಚೆಂಡು ಹೋಗುವಾಗ ಸ್ಟ್ಯಾಂಡಿನ ಆಚೆ, ಕತ್ತಲಲ್ಲಿ, ಪಾರ್ಕಿಂಗ್ ಲಾಟ್ ಕಾಣುತ್ತದೆ. ಮುಗಿದೇ ಹೋಯಿತು ಅಂತ ಮನೆಗೆ ಹೊರಟಿದ್ದವರ ಕಾರುಗಳು. ಅಲ್ಲಿ ಕೆಂಪಗೆ ಬ್ರೇಕ್ ಲೈಟ್ ಹತ್ತುತ್ತದೆ.

ನಮ್ಮ ಕುಂಬ್ಳೆ 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದುಕೊಂಡು, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾ ವಿಕೆಟ್ ತೆಗೆದದ್ದು ಯಾರಿಗೆ ನೆನಪಿದೆಯೋ ಅವರಿಗೆ ಗಿಬ್ಸನ್ ಅರ್ಥವಾಗುತ್ತಾನೆ. ಬೇರೆ ವಿವರಣೆ ಬೇಡ.

ಒಂದು ವಿಷಯ ಬಿಟ್ಟೆ. ಈಗ ಇಂಥ ಗೆಲುವಿನ ಹೊಡೆತಕ್ಕೆ ವಾಕ್-ಆಫ್ ಅನ್ನುತ್ತಾರೆ. ಆ ಮಾತು ಬಂದದ್ದು ಇದೇ ಎಕರ್ಸ್ಲಿ ಬಾಯಿಂದ. ಆದರೆ ಅವನ ಅರ್ಥದಲ್ಲಿ ನಡೆದು ಹೋಗುವವನು ಹೊಡೆದವನಲ್ಲ, ಎಸೆದವನು. ಹೊಡೆಸಿಕೊಂಡು ತಲೆ ತಗ್ಗಿಸಿ ಮೈದಾನದಿಂದ ಹೊರಗೆ ನಡೆಯುವ ಪಿಚರ್‌ನ ಸಂಕಟದ ಪದ ಅದು. ಈಗ ಖುಷಿಯ ಪದ ಆಗಿಬಿಟ್ಟಿದೆ.

ಬಾಲ್‌ಪಾರ್ಕ್ ಬಸವ

ಈರಣ್ಣ, ವಿಡಿಯೊ ನೋಡಿದೆ. ಬ್ರೇಕ್ ಲೈಟ್ ನಿಜಕ್ಕೂ ಕಾಣುತ್ತೆ! ಆದರೆ ಒಂದು ಡೌಟು. ಚೆಂಡು ಹೋದ ಮೇಲೆ ಸ್ಕಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಮಾತೇ ಆಡುವುದಿಲ್ಲ. ನನ್ನ ಆಡಿಯೊ ಹೋಯಿತಾ ಅಂತ ಸೌಂಡ್ ಜಾಸ್ತಿ ಮಾಡಿದೆ.

ಸ್ಯಾನ್ ಹೋಸೆ ಸೀತಕ್ಕ

ಆಡಿಯೊ ಸರಿಯಾಗೇ ಇದೆ. ಅದು ಬೇಕಂತಲೇ ಬಿಟ್ಟ ಜಾಗ. ಜನರ ಕೂಗು ಪೂರ್ತಿ ಕೇಳಿಸಿ, ಆಮೇಲೆ ಒಂದೇ ವಾಕ್ಯ ಹೇಳಿದರು. ಆಗಲಾರದ್ದೆಲ್ಲ ಆದ ವರ್ಷದಲ್ಲಿ, ಅಸಾಧ್ಯವೇ ಆಗಿಹೋಯಿತು ಅನ್ನುವ ಅರ್ಥದ್ದು.

ಅವರು ಚಿಕ್ಕವರಿದ್ದಾಗ ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೊ ಇತ್ತಂತೆ. ಎಂಟು ವರ್ಷದ ಹುಡುಗ ದಿಂಬು, ಬಿಸ್ಕತ್ತು, ಹಾಲು ತೆಗೆದುಕೊಂಡು ಅದರ ಕೆಳಗೆ ತೂರಿಕೊಳ್ಳುತ್ತಿದ್ದ. ತಲೆ ಸರಿಯಾಗಿ ಸ್ಪೀಕರ್ ಕೆಳಗೆ. ಬರುತ್ತಿದ್ದದ್ದು ಕಾಲೇಜು ಫುಟ್‌ಬಾಲ್. ಯಾರು ಗೆದ್ದರು ಅನ್ನುವುದು ಅವನಿಗೆ ಮುಖ್ಯವಲ್ಲ. ಜನರ ಕೂಗು ಮೇಲಿಂದ ಷವರ್ ನೀರಿನ ಹಾಗೆ ಸುರಿಯುವುದು ಬೇಕಿತ್ತು. ದೊಡ್ಡವರಾದ ಮೇಲೂ ಅದನ್ನೇ ನಮಗೆ ಸುರಿಯಲು ಬಿಟ್ಟರು.

1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದು ಬೇಬ್ ರೂತ್‌ನ 714 ದಾಟಿದಾಗಲೂ ಹಾಗೇ. ಬಿಳಿಯ ದಂತಕತೆಯ ದಾಖಲೆಗೆ ಕೈ ಹಾಕಿದ ಕಪ್ಪು ಆಟಗಾರ ಅಂತ ಆರನ್‌ಗೆ ದ್ವೇಷದ ಪತ್ರಗಳು ರಾಶಿ ಬರುತ್ತಿದ್ದವು. ಸ್ಕಲ್ಲಿ ಮೊದಲು ಸುಮ್ಮನಿದ್ದರು. ಆಮೇಲೆ, ದಕ್ಷಿಣದ ರಾಜ್ಯದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಅನ್ನುವುದನ್ನು ಹೇಳಿದರು. ಹೋಮ್ ರನ್‌ಗಿಂತ ಅದೇ ದೊಡ್ಡ ಸುದ್ದಿ ಅಂತ ಆ ಕ್ಷಣದಲ್ಲೇ ಹೊಳೆಯುವುದು ಇದೆಯಲ್ಲ, ನನಗೆ ಅದೇ ಆಶ್ಚರ್ಯ.

ಅಂಕಿ ಆನಂದ

ದಾಖಲೆ ಮಾತು ಬಂತು, ಇನ್ನು ನಾನು ಸುಮ್ಮನಿರಲ್ಲ.

ಬ್ರಾಡ್‌ಮನ್‌ನ 99.94 ನಮಗೆ ಹೇಗೋ ಇವರಿಗೆ 56 ಹಾಗೆ. 1941ರಲ್ಲಿ ಜೋ ಡಿಮ್ಯಾಜಿಯೊ ಸತತ 56 ಆಟಗಳಲ್ಲಿ ಒಂದಾದರೂ ಹಿಟ್ (ಹೊಡೆದು ಬೇಸ್ ಸೇರುವುದು) ಹೊಡೆದ. 57ನೇ ಆಟದಲ್ಲಿ ಕ್ಲೀವ್‌ಲ್ಯಾಂಡ್‌ನ ಕೆನ್ ಕೆಲ್ಟ್‌ನರ್ ಎರಡು ಅದ್ಭುತ ಫೀಲ್ಡಿಂಗ್ ಮಾಡಿ ನಿಲ್ಲಿಸಿದ. ಮರುದಿನದಿಂದ ಡಿಮ್ಯಾಜಿಯೊ ಮತ್ತೆ 16 ಆಟ ಸತತವಾಗಿ ಹೊಡೆದ. ಹೊಟ್ಟೆಕಿಚ್ಚು ಆಗುವಂಥ ಮನುಷ್ಯ.

ಅದೇ ವರ್ಷ ಟೆಡ್ ವಿಲಿಯಮ್ಸ್. ಬ್ಯಾಟಿಂಗ್ ಸರಾಸರಿ ಅಂದರೆ ಇಲ್ಲಿ ಹಿಟ್‌ಗಳನ್ನು ಅವಕಾಶಗಳಿಂದ ಭಾಗಿಸುವುದು. 0.300 ಬಂದರೆ ಒಳ್ಳೆಯ ಆಟಗಾರ, ಅಂದರೆ ಹತ್ತರಲ್ಲಿ ಏಳು ಸಲ ಸೋತವನು! ಕೊನೆಯ ದಿನಕ್ಕೆ ವಿಲಿಯಮ್ಸ್ 0.39955ರಲ್ಲಿದ್ದ. ಮೂರು ದಶಾಂಶಕ್ಕೆ ಸರಿಮಾಡಿ ಬರೆದರೆ 0.400 ಆಗುತ್ತದೆ. ಬೇಕಾದರೆ ಕೂತುಬಿಡು ಅಂತ ಮ್ಯಾನೇಜರ್ ಹೇಳಿದರು. ಇವನು ಕೂರಲಿಲ್ಲ. ಅವತ್ತು ಎರಡು ಆಟ ಇತ್ತು, ಎರಡೂ ಆಡಿದ, 8ರಲ್ಲಿ 6 ಹಿಟ್. 0.406. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್‌ಗಳಲ್ಲಿ (ಇವೆರಡೂ ಸೇರಿದ್ದೇ ಇಂದಿನ ಮೇಜರ್ ಲೀಗ್) ಆಮೇಲೆ ಇಡೀ ಸೀಸನ್ ಯಾರೂ 0.400 ಮುಟ್ಟಿಲ್ಲ.

ಹೋಮ್ ರನ್ ದಾಖಲೆ ಈಗ ಆರನ್‌ನದ್ದಲ್ಲ (755), ಬ್ಯಾರಿ ಬಾಂಡ್ಸ್‌ನದ್ದು, 762.

ಎಡಗೈ ಈರಣ್ಣ

ಬಾಂಡ್ಸ್ ಹೆಸರು ತೆಗೆಯಬೇಡಿ. ಸ್ಟೀರಾಯ್ಡ್ ಕಾಲದ ಅಂಕಿ ಅದು. ಹಾಲ್ ಆಫ್ ಫೇಮ್‌ನ ಬಾಗಿಲೂ ತೆಗೆದಿಲ್ಲ.

ಅಂಕಿ ಆನಂದ

ಪುಸ್ತಕದಲ್ಲಿ ಇರುವುದನ್ನು ಹೇಳಿದೆ ಗುರು. ಪುಸ್ತಕ ನ್ಯಾಯಾಲಯ ಅಲ್ಲ. ಆರನ್‌ದೇ ನಿಜವಾದ ದಾಖಲೆ ಅನ್ನುವವರು ಇಲ್ಲೂ ಬೇಕಾದಷ್ಟು ಜನ ಇದ್ದಾರೆ, ಅನ್ನಲಿ. 1961ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದು ರೂತ್‌ನ 60 ದಾಟಿದಾಗ, ರೂತ್ ಕಾಲದಲ್ಲಿ ಸೀಸನ್‌ಗೆ 154 ಆಟ, ನಿನಗೆ 162 ಅಂತ ತಕರಾರು ತೆಗೆದರು. ಪಾಪ, ಅವನ ತಲೆಗೂದಲು ಉದುರಿತು ಅಂತಾರೆ. ದಾಖಲೆ ಅಂದರೆ ಜಗಳವೇ.

ನಿಜವಾಗಿ ಮನಸ್ಸು ಕಲಕುವುದು ಬೇರೆ. ಜಾಷ್ ಗಿಬ್ಸನ್. ಕಪ್ಪು ಆಟಗಾರರನ್ನು ಮೇಜರ್ ಲೀಗ್‌ಗೆ ಸೇರಿಸದ ಕಾಲದಲ್ಲಿ ನೀಗ್ರೋ ಲೀಗ್‌ನಲ್ಲಿ (ಆಗಿನ ಹೆಸರೇ ಅದು) ಆಡಿದವನು. 1947ರ ಜನವರಿಯಲ್ಲಿ ತೀರಿಕೊಂಡ, 35 ವಯಸ್ಸು. ಮೂರು ತಿಂಗಳಿಗೆ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಮೇಜರ್ ಲೀಗ್‌ನಲ್ಲಿ ಆಡಿ ಆ ಗೋಡೆ ಒಡೆದ. 2024ರಲ್ಲಿ ಮೇಜರ್ ಲೀಗ್‌ನವರು ಆ ಹಳೆಯ ಲೀಗ್‌ಗಳ ಅಂಕಿಗಳನ್ನು ತಮ್ಮ ಪುಸ್ತಕಕ್ಕೆ ಸೇರಿಸಿದರು. ಒಟ್ಟು ವೃತ್ತಿಜೀವನದ ಸರಾಸರಿಯಲ್ಲಿ ಅಲ್ಲಿವರೆಗೆ ಮೊದಲಿದ್ದ ಟೈ ಕಾಬ್ ಹೆಸರು ಕೆಳಗೆ ಹೋಗಿ ಗಿಬ್ಸನ್ ಮೇಲೆ ಬಂದ, 0.372. ಮೇಜರ್ ಲೀಗ್ ತಂಡದ ಪರ ಒಂದೇ ಒಂದು ಆಟ ಆಡದವನು.

ಜಯನಗರ ನಾಲ್ಕನೇ ಬ್ಲಾಕ್

ಇದು ಗೊತ್ತಿರಲಿಲ್ಲ. ಎರಡು ಸಲ ಓದಿದೆ.

ಕುಡ್ಲದ ಗೂಗ್ಲಿ

ಸ್ವಲ್ಪ ಹಗುರ ಮಾಡುವಾ. ಅವರ ಆಡುಮಾತು ಯಾರಾದರೂ ಹೇಳಿ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಕ್ಯಾಚ್, ಟ್ರಯಲ್ ಬಾಲ್, ಎರಡೂ ಕಡೆ ಆಡುವ ಜೋಕರ್ ಎಲ್ಲ ಇಲ್ಲವಾ, ಹಾಗೆ.

ಮಿಲ್ವಾಕಿ ಮಂಜು

ಬೇಕಾದಷ್ಟಿದೆ. ನನಗೆ ಇಷ್ಟವಾದದ್ದು "ಕ್ಯಾನ್ ಆಫ್ ಕಾರ್ನ್", ಅಂದರೆ ಜೋಳದ ಡಬ್ಬಿ. ನಾವು ಡಾಲಿ ಕ್ಯಾಚ್ ಅನ್ನುತ್ತೀವಲ್ಲ, ಅದೇ. ಹಿಂದೆ ಕಿರಾಣಿ ಅಂಗಡಿಯಲ್ಲಿ ಡಬ್ಬಿಗಳನ್ನು ಎತ್ತರದ ಕಪಾಟಿನಲ್ಲಿ ಇಡುತ್ತಿದ್ದರು. ಅಂಗಡಿಯವನು ಉದ್ದ ಕೋಲಿನಿಂದ ಡಬ್ಬಿಯನ್ನು ಮುಂದಕ್ಕೆ ಬಾಗಿಸಿ, ಬೀಳುವಾಗ ಏಪ್ರನ್ ಚಾಚಿ ಹಿಡಿಯುತ್ತಿದ್ದನಂತೆ. ನಿಧಾನವಾಗಿ ಮೇಲಿಂದ ಬಂದು ಮಡಿಲಿಗೆ ಬೀಳುವ ಚೆಂಡಿಗೆ ಆ ಹೆಸರು.

ಹ್ಯಾಟ್ರಿಕ್ ಅಂದರೆ ನಮ್ಮ ಬೌಲರ್‌ಗೆ ಹೆಮ್ಮೆ. ಇಲ್ಲಿ ಒಬ್ಬ ಬ್ಯಾಟರ್ ಒಂದೇ ಆಟದಲ್ಲಿ ಮೂರು ಸಲ ಸ್ಟ್ರೈಕ್‌ಔಟ್ ಆದರೂ ತಮಾಷೆಗೆ ಹ್ಯಾಟ್ರಿಕ್. ನಾಲ್ಕು ಸಲ ಆದರೆ ಟೋಪಿ ದೊಡ್ಡದಾಗಬೇಕಲ್ಲ, ಅದಕ್ಕೆ "ಗೋಲ್ಡನ್ ಸಾಂಬ್ರೆರೊ", ಮೆಕ್ಸಿಕೊದ ಅಗಲ ಟೋಪಿ, ಅದೂ ಚಿನ್ನದ್ದು.

"ಮೆಂಡೋಸಾ ಲೈನ್" ಅಂದರೆ 0.200. ಅದಕ್ಕಿಂತ ಕೆಳಗೆ ಹೋದರೆ ತಂಡದಲ್ಲಿ ಇರಲು ನಾಚಿಕೆಯಾಗಬೇಕು ಅನ್ನುವ ಗೆರೆ. ಮೆಕ್ಸಿಕೊದ ಮಾರಿಯೊ ಮೆಂಡೋಸಾ ಹೆಸರು ಅದು. ಆದರೆ ಅವನ ಒಟ್ಟು ಸರಾಸರಿ 0.215! ತನ್ನ ಹೆಸರಿನ ಗೆರೆಗಿಂತ ಅವನೇ ಮೇಲಿದ್ದಾನೆ. ಇದು ಅನ್ಯಾಯ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಯಾರೂ ಕೇಳುವುದಿಲ್ಲ.

ಸರಿಯಾಗಿ 0.200 ಹೊಡೆದವರು ನಮ್ಮ ಊರಿನವರು, ಬಾಬ್ ಯೂಕರ್. ಆಡಿದ್ದಕ್ಕಿಂತ ಅದನ್ನು ಹೇಳಿಕೊಂಡು ನಗಿಸಿದ್ದೇ ಜಾಸ್ತಿ. 1971ರಿಂದ 2024ರವರೆಗೆ ಮಿಲ್ವಾಕಿ ಬ್ರೂವರ್ಸ್ ರೇಡಿಯೊದಲ್ಲಿ ಅವರದ್ದೇ ದನಿ. ಅವರು ಕ್ಯಾಚರ್ ಆಗಿದ್ದವರು. ಗಾಳಿಯಲ್ಲಿ ಅಡ್ಡಾದಿಡ್ಡಿ ಓಲಾಡುವ ನಕಲ್‌ಬಾಲ್ ಹಿಡಿಯುವುದು ಹೇಗೆ ಅಂದರೆ, ಅದು ಉರುಳುವುದು ನಿಲ್ಲುವವರೆಗೆ ಕಾದು ಎತ್ತಿಕೊಳ್ಳುವುದು ಅನ್ನುತ್ತಿದ್ದರು. 2025ರ ಜನವರಿಯಲ್ಲಿ ಹೋದರು. ಆ ವಾರ ಇಲ್ಲಿ ಮೈನಸ್ ಚಳಿ. ನಾನು ಹೋಗುವ ಕ್ಷೌರದಂಗಡಿಯಲ್ಲಿ ಅವರ ಹಳೇ ಕಾಮೆಂಟರಿ ಹಾಕಿಕೊಂಡಿದ್ದರು, ಕೂದಲು ಕತ್ತರಿಸುವವನು ನಡುನಡುವೆ ಕತ್ತರಿ ನಿಲ್ಲಿಸುತ್ತಿದ್ದ. ಬಸವ ಅವರೇ, ನಿಮ್ಮ ಪಕ್ಕದ ಮನೆ ಅಜ್ಜನನ್ನು ನಾನು ಪೂರ್ತಿ ನಂಬುತ್ತೇನೆ.

ಜಯನಗರ ನಾಲ್ಕನೇ ಬ್ಲಾಕ್

ಒಂದು ಕೊನೇ ಪ್ರಶ್ನೆ. ಈಗ ಪಿಚ್ ಕ್ಲಾಕ್ ಬಂದಿದೆಯಂತಲ್ಲ. ಹದಿನೈದು ಸೆಕೆಂಡಿಗೆ ಎಸೆಯಬೇಕಾದರೆ ನಿಮ್ಮ ಕತೆ ಹೇಳುವವರ ಗತಿ?

ಸ್ಯಾನ್ ಹೋಸೆ ಸೀತಕ್ಕ

2023ರಲ್ಲಿ ಬಂತು. ಬೇಸ್ ಮೇಲೆ ಯಾರೂ ಇಲ್ಲದಿದ್ದರೆ 15 ಸೆಕೆಂಡ್. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಇದ್ದ ಆಟ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಮೈದಾನಕ್ಕೆ ಹೋಗುವವಳಾಗಿ ನನಗೆ ಖುಷಿ, ಮಗಳು ನಿದ್ದೆ ಮಾಡುವ ಮೊದಲು ಮನೆ ಸೇರುತ್ತೇವೆ. ರೇಡಿಯೊ ಕೇಳುವವಳಾಗಿ ಒಂಚೂರು ಬೇಜಾರು. ಕತೆಗಳು ತುಂಡಾಗಿವೆ. ಎರಡನ್ನೂ ಒಟ್ಟಿಗೆ ಹೇಳಿದರೆ ನನ್ನ ಗಂಡ ನಗುತ್ತಾರೆ.

ಬಾಲ್‌ಪಾರ್ಕ್ ಬಸವ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ನಡೆದದ್ದು ಹೇಳಿಬಿಡುತ್ತೇನೆ.

ಅಜ್ಜನಿಗೆ ನನ್ನ ಎಡವಟ್ಟು ಒಪ್ಪಿಕೊಂಡೆ, ವಿನ್ ನಿಮ್ಮ ನೆಂಟರು ಅಂದುಕೊಂಡಿದ್ದೆ ಅಂತ. ನಗಲಿಲ್ಲ. ಇನ್ನೊಂದು ಕುರ್ಚಿ ಎಳೆದು ಹಾಕಿದರು. ಅವರ ತೊಡೆ ಮೇಲೆ ಒಂದು ಸ್ಕೋರ್ ಪುಸ್ತಕ, ಚೌಕ ಚೌಕ ಗೆರೆಯದ್ದು. ರೇಡಿಯೊದಲ್ಲಿ ಕೇಳಿದ್ದನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ. ಹೆನ್ರಿ ಚಾಡ್ವಿಕ್ ಅನ್ನುವವರು ಹತ್ತೊಂಬತ್ತನೇ ಶತಮಾನದಲ್ಲಿ ಹಾಕಿಕೊಟ್ಟ ಪದ್ಧತಿಯಂತೆ. ಎಸ್ ಆಗಲೇ ಬೇರೆಯದಕ್ಕೆ ಹೋಗಿತ್ತು, ಅದಕ್ಕೆ ಸ್ಟ್ರಕ್ ಅನ್ನುವ ಪದದ ಕೊನೆಯ ಅಕ್ಷರ ಹಿಡಿದರಂತೆ. ಆಮೇಲೆ ನಾನು ಹುಡುಕಿ ನೋಡಿದೆ, ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಪತ್ರಿಕೆಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಜಯನಗರದ ಸರ್, ಇದು ನಿಮಗೆ.

ನಾಲ್ಕನೇ ಇನಿಂಗ್ಸ್‌ಗೆ ಪೆನ್ಸಿಲ್ ನನ್ನ ಕೈಗೆ ಕೊಟ್ಟರು. ಒಬ್ಬ ಔಟ್ ಆದ. ನಾನು ನೀಟಾಗಿ ಕೆ ಬರೆದೆ. ಅಜ್ಜ ರಬ್ಬರ್ ತೆಗೆದು ಅಳಿಸಿದರು. ಕನ್ನಡಿಯಲ್ಲಿ ಕಂಡ ಹಾಗೆ, ಉಲ್ಟಾ ಕೆ ಬರೆದರು.

"ಅವನು ಬ್ಯಾಟ್ ಬೀಸಲೇ ಇಲ್ಲ, ಸುಮ್ಮನೆ ನೋಡುತ್ತಾ ನಿಂತ. ಸರಿಯಾಗಿ ಕೇಳಿಸಿಕೋ" ಅಂದರು.